ಸಿಟ್ಟು ಬಂದರೆ ಎದೆ ಹಿಡಿದುಕೊಳ್ಳುತ್ತಿದ್ದ ಸರ್ಜನ್

ಮೆಟ್ಟಿಲು ಹತ್ತುವಾಗ ಎದೆಯ ನಡುವೆ ಕಲ್ಲು ಹೇರಿದಂಥ ಭಾರ. ನಿಂತು ಸುಧಾರಿಸಿಕೊಂಡರೆ ನಾಲ್ಕೈದು ನಿಮಿಷಗಳಲ್ಲಿ ಮಾಯ. ಮತ್ತೆ ಹತ್ತಿದರೆ ಮತ್ತೆ ಹಾಜರ್. ವೈದ್ಯರು ಇದನ್ನು ಆಂಜೈನಾ ಎನ್ನುತ್ತಾರೆ. ಹೃದಯದ ಸ್ನಾಯುವಿಗೇ ರಕ್ತ ಒಯ್ಯುವ ಕೊರೊನರಿ ನಾಳಗಳು ಕಿರಿದಾದಾಗ, ಕೆಲಸ ಹೆಚ್ಚಾದ ಹೊತ್ತಿನಲ್ಲಿ ಹೃದಯ ಹಾಕುವ ಕೂಗು ಇದು. ಅಪ್ಪ, ಅಜ್ಜಂದಿರ ಕಾಯಿಲೆ ಎಂದುಕೊಂಡು ನಮ್ಮ ವಯಸ್ಸಿನವರು ಇದರ ಬಗ್ಗೆ ತಲೆ ಕೆಡಿಸಿಕೊಳ್ಳುವುದಿಲ್ಲ. ಆದರೆ ಈ ನೋವನ್ನು ಇಪ್ಪತ್ತು ವರ್ಷ ಎದೆಯಲ್ಲಿಟ್ಟುಕೊಂಡು ಬದುಕಿ, ಕೊನೆಗೆ ಇಬ್ಬರು ವಿದ್ಯಾರ್ಥಿಗಳ ಸೀಟಿಗಾಗಿ ವಾದ ಮಾಡುತ್ತಲೇ ಪ್ರಾಣ ಬಿಟ್ಟ ಒಬ್ಬ ಸರ್ಜನ್ ಇದ್ದರು. ಅವರೇ ಜಾನ್ ಹಂಟರ್. ಆಧುನಿಕ ಶಸ್ತ್ರಚಿಕಿತ್ಸೆಯ ಇತಿಹಾಸ ಬರೆದವರೆಲ್ಲ ಮೊದಲ ಪುಟಗಳಲ್ಲೇ ನೆನೆಯುವ ಹೆಸರು.

1728ರ ಫೆಬ್ರುವರಿಯಲ್ಲಿ ಸ್ಕಾಟ್ಲೆಂಡಿನ ಗ್ಲಾಸ್ಗೋ ಸಮೀಪದ ಒಂದು ಜಮೀನು ಮನೆಯಲ್ಲಿ ಹುಟ್ಟಿದ ಜಾನ್, ಹತ್ತು ಮಕ್ಕಳಲ್ಲಿ ಕೊನೆಯವನು. ಶಾಲೆ ಅವನಿಗೆ ಒಗ್ಗಲೇ ಇಲ್ಲ. ಓದು, ಬರಹ ಎಂದರೆ ದೂರ. ಮೋಡ ಏಕೆ ಬಣ್ಣ ಬದಲಿಸುತ್ತದೆ, ಎಲೆ ಏಕೆ ಹಣ್ಣಾಗುತ್ತದೆ, ಇರುವೆ ಎಲ್ಲಿಗೆ ಹೋಗುತ್ತದೆ ಎಂಬಂಥ ಪ್ರಶ್ನೆಗಳನ್ನು ಹಿಡಿದುಕೊಂಡು ಹೊಲ, ತೋಪು ಸುತ್ತುವುದೇ ಅವನ ದಿನಚರಿ. ಹದಿಮೂರನೆಯ ವಯಸ್ಸಿಗೆ ತಂದೆ ತೀರಿಕೊಂಡರು. ಗ್ಲಾಸ್ಗೋದಲ್ಲಿ ಮರಗೆಲಸದ ಅಂಗಡಿ ಇಟ್ಟಿದ್ದ ಭಾವನ ಬಳಿ ಕೆಲವು ಕಾಲ ಕೈಜೋಡಿಸಿದ. ಇಪ್ಪತ್ತಾದರೂ ಕೈಯಲ್ಲಿ ಪದವಿಯಿಲ್ಲ, ಕೆಲಸವಿಲ್ಲ. ಇಂಥ ಹುಡುಗನನ್ನು ನಮ್ಮ ಊರುಗಳಲ್ಲಿ ಏನೆಂದು ಕರೆಯುತ್ತಾರೆ ಎಂಬುದು ನಿಮಗೆ ಗೊತ್ತೇ ಇದೆ.

ಅವನಿಗಿಂತ ಹತ್ತು ವರ್ಷ ದೊಡ್ಡವನಾದ ಅಣ್ಣ ವಿಲಿಯಂ ಲಂಡನ್ನಿನಲ್ಲಿ ಅಂಗರಚನಾ ಶಾಸ್ತ್ರದ ಶಾಲೆ ನಡೆಸುತ್ತಿದ್ದ. ಅಲ್ಲಿ ಏನಾದರೂ ಕೆಲಸ ಸಿಕ್ಕೀತೇ ಎಂದು ಜಾನ್ ಪತ್ರ ಬರೆದ. 1748ರ ಸೆಪ್ಟೆಂಬರಿನಲ್ಲಿ ಕುದುರೆ ಹತ್ತಿ ಲಂಡನ್ನಿಗೆ ಬಂದೂಬಿಟ್ಟ. ಅಣ್ಣ ತಮ್ಮನ ಕೈಗೆ ಒಂದು ಶವದ ತೋಳು ಕೊಟ್ಟು ಸ್ನಾಯುಗಳನ್ನು ಬಿಡಿಸಿ ತೋರಿಸು ಎಂದ. ಇದನ್ನೇ ಇಂದು ನಾವು ಪ್ರಾಕ್ಟಿಕಲ್ ಟೆಸ್ಟ್ ಎನ್ನುವುದು. ಮರ ಕೆತ್ತಿ ಪಳಗಿದ್ದ ಕೈ ಎಷ್ಟು ಅಚ್ಚುಕಟ್ಟಾಗಿ ಕೆಲಸ ಮಾಡಿತೆಂದರೆ, ಅಣ್ಣ ರಕ್ತನಾಳಗಳಿಗೆ ಬಣ್ಣದ ಮೇಣ ತುಂಬಿದ ಇನ್ನೂ ಸೂಕ್ಷ್ಮವಾದ ತೋಳನ್ನು ಕೊಟ್ಟ. ಅದನ್ನೂ ಬಿಡಿಸಿದ ಮೇಲೆ ಕೆಲಸ ಖಾಯಂ ಆಯಿತು. ಮುಂದಿನ ಹನ್ನೊಂದು, ಹನ್ನೆರಡು ವರ್ಷ ಅವನ ಜಗತ್ತು ಆ ಶವಕೋಣೆಯೇ. ನಡುವೆ 1755ರಲ್ಲಿ ಲ್ಯಾಟಿನ್ನು, ಗ್ರೀಕು ಕಲಿತು ಸಭ್ಯ ವೈದ್ಯನಾಗಲಿ ಎಂದು ಆಕ್ಸ್‌ಫರ್ಡಿಗೆ ಕಳಿಸಿದರು. ಎರಡು ತಿಂಗಳೂ ನಿಲ್ಲದೆ ವಾಪಸ್ ಬಂದ.

ಇಲ್ಲಿ ಒಂದು ಮಾತು ಹೇಳಲೇಬೇಕು. ಆ ಶವಗಳಲ್ಲಿ ಹೆಚ್ಚಿನವು ಗೋರಿ ಅಗೆದು ಕದ್ದು ತಂದವು. ಮುಂದೆ, 1783ರಲ್ಲಿ, ಐರ್ಲೆಂಡಿನ ದೈತ್ಯ ಎಂದು ಹೆಸರಾಗಿದ್ದ ಚಾರ್ಲ್ಸ್ ಬೈರ್ನ್ ತನ್ನ ದೇಹ ಸಮುದ್ರಕ್ಕೆ ಸೇರಲಿ ಎಂದು ಬಯಸಿ ಸತ್ತಾಗಲೂ ಹಂಟರ್ ದುಡ್ಡು ಚೆಲ್ಲಿ ಆ ದೇಹವನ್ನು ದಕ್ಕಿಸಿಕೊಂಡರು. ಆ ಅಸ್ಥಿಪಂಜರವನ್ನು ಲಂಡನ್ನಿನ ಹಂಟೇರಿಯನ್ ಮ್ಯೂಸಿಯಂ ಪ್ರದರ್ಶನದಿಂದ ತೆಗೆದದ್ದು ತೀರಾ ಇತ್ತೀಚೆಗೆ. 2023ರಲ್ಲಿ ಮ್ಯೂಸಿಯಂ ಮತ್ತೆ ತೆರೆದಾಗ ಅದು ಅಲ್ಲಿರಲಿಲ್ಲ. ದೊಡ್ಡವರ ಜೀವನ ಓದುವಾಗ ಇಂಥ ಪುಟಗಳನ್ನು ಹಾರಿಸಿ ಓದುವುದು ನನಗೆ ಸರಿ ಕಾಣುವುದಿಲ್ಲ.

ಹಂಟರ್ ಅವರಿಗೆ ದೇಹದ ಸ್ವಂತ ಶಕ್ತಿಯ ಮೇಲೆ ನಂಬಿಕೆ ಹುಟ್ಟಿದ್ದು ಯುದ್ಧಭೂಮಿಯಲ್ಲಿ. 1761ರಲ್ಲಿ ಸೇನಾ ಸರ್ಜನ್ ಆಗಿ ಫ್ರಾನ್ಸಿನ ಕರಾವಳಿಯ ಬೆಲ್ ಈಲ್ ದ್ವೀಪಕ್ಕೆ ಹೋದರು. ಗುಂಡು ಹೊಕ್ಕ ಗಾಯವನ್ನು ಅಗಲಿಸಿ, ಬೆರಳು ಹಾಕಿ ಗುಂಡು ಹುಡುಕುವುದು ಆಗಿನ ಪದ್ಧತಿ. ಗಾಯಗೊಂಡು ಒಂದು ರೈತನ ಮನೆಯಲ್ಲಿ ದಿನಗಟ್ಟಲೆ ಅಡಗಿದ್ದ ಕೆಲವು ಸೈನಿಕರು ಅವರ ಕಣ್ಣಿಗೆ ಬಿದ್ದರು. ಯಾವ ಚಿಕಿತ್ಸೆಯೂ ಇಲ್ಲದ ಅವರ ಗಾಯಗಳು, ಸರ್ಜನ್‌ಗಳು ಕೆದಕಿದ ಗಾಯಗಳಿಗಿಂತ ಚೆನ್ನಾಗಿ ಮಾಯುತ್ತಿದ್ದವು. ಬೇಡದ ಕಡೆ ಕೈ ಹಾಕಬಾರದು, ದೇಹ ತನ್ನ ರಿಪೇರಿಯನ್ನು ತಾನೇ ಮಾಡಿಕೊಳ್ಳಲು ಬಿಡಬೇಕು ಎಂಬುದು ಅಂದಿನಿಂದ ಅವರ ವೈದ್ಯಕೀಯದ ತಳಹದಿ. ಲಂಡನ್ನಿಗೆ ಮರಳಿ 1767ರಲ್ಲಿ ರಾಯಲ್ ಸೊಸೈಟಿಯ ಸದಸ್ಯರಾದರು. ಮರುವರ್ಷ ಸೇಂಟ್ ಜಾರ್ಜ್ ಆಸ್ಪತ್ರೆಯ ಸರ್ಜನ್. 1771ರಲ್ಲಿ ಕವಯಿತ್ರಿ ಆನ್ ಹೋಮ್ ಜೊತೆ ಮದುವೆ. ಅದಕ್ಕೂ ಒಂದು ವರ್ಷ ಮೊದಲೇ ಅವರ ಮನೆಯಲ್ಲಿ ಉಳಿದು ಕಲಿಯಲು 21ರ ಹರೆಯದ ಒಬ್ಬ ಹಳ್ಳಿ ಹುಡುಗ ಬಂದಿದ್ದ. ಅವನ ಹೆಸರು ಎಡ್ವರ್ಡ್ ಜೆನ್ನರ್. ಹೌದು, ಸಿಡುಬಿನ ಲಸಿಕೆಯ ಅದೇ ಜೆನ್ನರ್.

ಆ ದಿನಗಳಲ್ಲಿ ಲಂಡನ್ನಿನ ವಿಲಿಯಂ ಹೆಬರ್ಡನ್ ಎಂಬ ವೈದ್ಯರು ಒಂದು ವಿಚಿತ್ರ ಎದೆನೋವಿನ ಬಗ್ಗೆ ಬರೆಯುತ್ತಿದ್ದರು. 1768ರಲ್ಲಿ ವೈದ್ಯರ ಸಭೆಯಲ್ಲಿ ಓದಿ, 1772ರಲ್ಲಿ ಅಚ್ಚಾದ ಆ ಬರಹದಲ್ಲೇ ಆಂಜೈನಾ ಎಂಬ ಹೆಸರು ಹುಟ್ಟಿದ್ದು. ನಡೆಯುವಾಗ, ಅದರಲ್ಲೂ ಊಟವಾದ ಮೇಲೆ ಏರು ಹತ್ತುವಾಗ ಬರುತ್ತದೆ, ನಿಂತರೆ ಹೋಗುತ್ತದೆ ಎಂದು ಅವರು ಗುರುತಿಸಿದ್ದರು. ಕಾರಣ ಮಾತ್ರ ಗೊತ್ತಿರಲಿಲ್ಲ. ಅದನ್ನು ಓದಿದ ಓದುಗನೊಬ್ಬ, ಈ ನೋವು ನನಗೂ ಇದೆ, ನಾನು ಹಠಾತ್ತನೆ ಸತ್ತರೆ ನನ್ನ ದೇಹ ಕೊಯ್ದು ಕಾರಣ ಹುಡುಕಿ ಎಂದು ಹೆಸರು ಹಾಕದೆ ಹೆಬರ್ಡನ್‌ಗೆ ಪತ್ರ ಬರೆದ. ಮೂರು ವಾರದೊಳಗೆ ಸತ್ತೂ ಹೋದ. ಆ ಶವಪರೀಕ್ಷೆ ಮಾಡಿದವರು ಜಾನ್ ಹಂಟರ್. ಹೃದಯವನ್ನು ಬಿಚ್ಚಿ ನೋಡಿದರು, ವಿಶೇಷವೇನೂ ಕಾಣಲಿಲ್ಲ. ಹೃದಯದ ಮೇಲೆ ಹಬ್ಬಿರುವ ಕೊರೊನರಿ ನಾಳಗಳನ್ನು ಸೀಳಿ ನೋಡುವುದು ಯಾರಿಗೂ ಹೊಳೆಯಲಿಲ್ಲ.

ಮರುವರ್ಷ, 1773ರ ವಸಂತದ ಒಂದು ದಿನ ಬೆಳಿಗ್ಗೆ ಹತ್ತರ ಸುಮಾರಿಗೆ, ಅದೇ ಹಂಟರ್‌ಗೆ ಹೊಟ್ಟೆಯ ಮೇಲ್ಭಾಗದಲ್ಲಿ ಇದ್ದಕ್ಕಿದ್ದಂತೆ ನೋವು ಹಿಡಿಯಿತು. ಕುಳಿತರು, ನಿಂತರು, ಮಲಗಿದರು, ಹೇಗಿದ್ದರೂ ಹೋಗಲಿಲ್ಲ. ಕನ್ನಡಿ ನೋಡಿಕೊಂಡರೆ ಮುಖ ಹೆಣದಂತೆ ಬಿಳಿಚಿತ್ತು. ನಾಡಿ ಹಿಡಿದು ನೋಡಿದರು, ಸಿಗಲಿಲ್ಲ. ಅಣ್ಣ ವಿಲಿಯಂ ಮತ್ತಿತರ ವೈದ್ಯರು ಓಡಿ ಬಂದರು, ಅವರಿಗೂ ನಾಡಿ ಸಿಗಲಿಲ್ಲ. ಉಸಿರು ತಾನಾಗಿ ಆಡುತ್ತಿಲ್ಲ ಎನಿಸಿ, ಪ್ರಜ್ಞಾಪೂರ್ವಕವಾಗಿ ಎಳೆದು ಬಿಟ್ಟು ಮಾಡುತ್ತ ಕುಳಿತರು. ಮುಕ್ಕಾಲು ಗಂಟೆಯ ನಂತರ ಜೀವ ಮರಳಿತು. ಸಾವು ಕಣ್ಣೆದುರಿಗೇ ಇದ್ದಾಗಲೂ ಈ ಮನುಷ್ಯ ತನ್ನ ದೇಹದಲ್ಲಿ ಏನಾಗುತ್ತಿದೆ ಎಂದು ಗಮನಿಸುತ್ತ ಕೂತಿದ್ದರಲ್ಲ, ನನಗೆ ಅದೇ ಸೋಜಿಗ.

ಕೆಲವು ವರ್ಷಗಳ ನಂತರ ಮತ್ತೊಂದು ಪೆಟ್ಟು. ಸ್ನೇಹಿತನ ಸಾಲಕ್ಕೆ ಜಾಮೀನು ನಿಂತಿದ್ದರು. ಕೈಯಲ್ಲಿ ಹಣವಿಲ್ಲದ ಹೊತ್ತಿನಲ್ಲೇ ದೊಡ್ಡ ಮೊತ್ತವನ್ನು ತಾವೇ ಕಟ್ಟಬೇಕಾಯಿತು. ಆ ಚಿಂತೆಯ ಬೆನ್ನಿಗೇ ತಲೆಸುತ್ತಿ ಹಾಸಿಗೆ ಹಿಡಿದರು. ಬಾತ್ ಪಟ್ಟಣದ ಬಿಸಿನೀರಿನ ಬುಗ್ಗೆಗಳು ಆಗ ಎಲ್ಲ ಕಾಯಿಲೆಗೂ ಮದ್ದು. 1777ರಲ್ಲಿ ಅಲ್ಲಿಗೆ ಹೋದ ಗುರುವನ್ನು ನೋಡಲು ಜೆನ್ನರ್ ಬಂದ. ನೋಡಿದ ಕೂಡಲೇ ಅವನಿಗೆ ಅನುಮಾನ ಬಂತು, ಇದು ಆಂಜೈನಾ ಎಂದು. ಹೆಬರ್ಡನ್‌ಗೆ ಒಂದು ಪತ್ರವನ್ನೂ ಬರೆದ. ಅಷ್ಟರಲ್ಲಿ ಅವನಿಗೆ ಇನ್ನೊಂದು ಸಂಗತಿ ಗೊತ್ತಾಗಿತ್ತು. ಇದೇ ನೋವಿನಿಂದ ಸತ್ತವನೊಬ್ಬನ ಹೃದಯ ಕೊಯ್ಯುವಾಗ ಚಾಕು ಏನೋ ಗಟ್ಟಿ ವಸ್ತುವಿಗೆ ತಗುಲಿ ಕರಕರ ಎಂದಿತು. ಹಳೆಯ ಕಟ್ಟಡದ ಚಾವಣಿಯಿಂದ ಗಾರೆ ಉದುರಿತೇನೋ ಎಂದು ತಲೆಯೆತ್ತಿ ನೋಡಿದನಂತೆ. ಗಾರೆಯಲ್ಲ, ಕೊರೊನರಿ ನಾಳಗಳೇ ಮೂಳೆಯಂತೆ ಗಟ್ಟಿಯಾಗಿದ್ದವು. ಆಂಜೈನಾದ ಕಾರಣ ಅವನ ಕೈಯಲ್ಲಿತ್ತು. ಪ್ರಕಟಿಸಿದ್ದರೆ ದೊಡ್ಡ ಹೆಸರು. ಆದರೆ ಅದನ್ನು ಓದಿದರೆ ತನ್ನ ಗುರುವಿಗೆ ತಮ್ಮ ಕಾಯಿಲೆಗೆ ಮದ್ದಿಲ್ಲ ಎಂದು ಗೊತ್ತಾಗಿಬಿಡುತ್ತದೆ. ಜೆನ್ನರ್ ಬಾಯಿ ಮುಚ್ಚಿಕೊಂಡ. ಹಂಟರ್ ಬದುಕಿರುವವರೆಗೂ.

1785ರಲ್ಲಿ ನೋವು ಪದೇ ಪದೇ ಬರತೊಡಗಿತು. ಮೆಟ್ಟಿಲು, ಏರುದಾರಿ ಸರಿ, ಆದರೆ ಅದಕ್ಕಿಂತ ಹೆಚ್ಚಾಗಿ ಮನಸ್ಸು ಕದಡಿದಾಗ. ಹಂಟರ್ ಇದನ್ನೂ ಪ್ರಯೋಗದಂತೆಯೇ ಗಮನಿಸಿದರು. ಅವರ ಭಾವಮೈದುನ, ಶಿಷ್ಯ ಎವರಾರ್ಡ್ ಹೋಮ್ ಇದನ್ನೆಲ್ಲ ದಾಖಲಿಸಿದ್ದಾನೆ. ಸಿಟ್ಟು ಬಂದರೆ ನೋವು. ಸಾಕಿದ ಜೇನುಹುಳುಗಳು ಗೂಡು ಬಿಟ್ಟು ಹೊರಡುವ ಹೊತ್ತಿಗೆ ಎಲ್ಲಿ ಕೈತಪ್ಪುತ್ತವೋ ಎಂಬ ಆತಂಕಕ್ಕೂ ನೋವು. ಆದರೆ ಕರುಣೆಯ ಕಥೆ ಹೇಳುತ್ತ, ಯಾರದೋ ಕೃತಜ್ಞತೆಯನ್ನು ನೆನೆಯುತ್ತ ಕಣ್ಣೀರು ಸುರಿಸಿದರೂ ಎದೆ ಸುಮ್ಮನಿರುತ್ತಿತ್ತು. ಎಂಥ ಸೂಕ್ಷ್ಮ ನೋಡಿ! ಮನಸ್ಸು ಕಲಕುವುದೆಲ್ಲ ಒಂದೇ ಅಲ್ಲ. ಸಿಟ್ಟು, ಆತಂಕದಲ್ಲಿ ಅಡ್ರಿನಲಿನ್ ಉಕ್ಕುತ್ತದೆ, ನಾಡಿ ಓಡುತ್ತದೆ, ರಕ್ತದೊತ್ತಡ ಏರುತ್ತದೆ, ಕುಳಿತಲ್ಲೇ ಹೃದಯ ಬೆಟ್ಟ ಹತ್ತುತ್ತದೆ. ಈಗ ಯಂತ್ರಗಳ ಮೂಲಕ ನೋಡಿ ಹೇಳುವ ಮಾತಿನ ಹತ್ತಿರಕ್ಕೆ ಆ ಮನುಷ್ಯ ಬರೀ ತನ್ನ ಎದೆಯನ್ನೇ ಉಪಕರಣ ಮಾಡಿಕೊಂಡು ಬಂದಿದ್ದರು. ನನ್ನನ್ನು ಕೆಣಕುವ ಯಾವನ ಕೈಯಲ್ಲಾದರೂ ನನ್ನ ಜೀವ ಇದೆ ಎಂಬರ್ಥದ ಮಾತನ್ನು ಗೆಳೆಯರ ಬಳಿ ಹೇಳುತ್ತಿದ್ದರಂತೆ.

ಗೊತ್ತಿದ್ದೂ ಅವರು ಬದುಕಿನ ವೇಗ ತಗ್ಗಿಸಲಿಲ್ಲ. ರಾತ್ರಿ ನಾಲ್ಕು ಗಂಟೆ ನಿದ್ದೆ, ಊಟದ ನಂತರ ಒಂದು ಗಂಟೆ, ಅಷ್ಟೇ. ಬೆಳಗಾಗುವ ಮೊದಲೇ ಶವಕೋಣೆ, ಆಮೇಲೆ ರೋಗಿಗಳು, ಆಸ್ಪತ್ರೆ, ಪಾಠ, ಮಧ್ಯರಾತ್ರಿ ದಾಟಿದರೂ ಬರಹ. ಲಂಡನ್ನಿನ ಅಂಚಿನ ಅರ್ಲ್ಸ್ ಕೋರ್ಟ್‌ನಲ್ಲಿ ಅವರ ಇನ್ನೊಂದು ಮನೆ ಎಂದರೆ ಸಣ್ಣ ಮೃಗಾಲಯ. ಒಮ್ಮೆ ಎರಡು ಚಿರತೆಗಳು ಸರಪಳಿ ಕಿತ್ತುಕೊಂಡು ನಾಯಿಗಳ ಮೇಲೆ ಬಿದ್ದಾಗ ಬರಿಗೈಯಲ್ಲಿ ಹಿಡಿದು ಗೂಡಿಗೆ ತಳ್ಳಿದರಂತೆ. ಮಾಡಿದ್ದೇನು ಎಂದು ಅರಿವಾದ ಮೇಲೆ ಮೂರ್ಛೆ ಹೋದರು. ದುಡಿದದ್ದೆಲ್ಲ ಲೆಸ್ಟರ್ ಸ್ಕ್ವೇರಿನ ಮ್ಯೂಸಿಯಮ್ಮಿಗೆ. ಸುಮಾರು 14,000 ಮಾದರಿಗಳು ಅಲ್ಲಿ ಸೇರಿದ್ದವು. ಅದರ ಜೊತೆಗೆ ಸಾಲವೂ ಸೇರುತ್ತಿತ್ತು.

ನೋವು ಮಿತಿಮೀರಿದ ಅದೇ 1785ರ ಡಿಸೆಂಬರಿನಲ್ಲಿ ಅವರು ತಮ್ಮ ಅತಿ ಪ್ರಸಿದ್ಧ ಶಸ್ತ್ರಚಿಕಿತ್ಸೆ ಮಾಡಿದರು. 45 ವರ್ಷದ ಗಾಡಿ ಹೊಡೆಯುವವನೊಬ್ಬನ ಮಂಡಿಯ ಹಿಂದೆ ರಕ್ತನಾಳ ಊದಿಕೊಂಡಿತ್ತು. ಅಂಥವರ ಕಾಲು ಕತ್ತರಿಸುವುದೇ ರೂಢಿ. ಹಂಟರ್ ಊತವನ್ನು ಮುಟ್ಟದೆ ತೊಡೆಯಲ್ಲಿ ಮುಖ್ಯ ನಾಳಕ್ಕೆ ದಾರ ಬಿಗಿದರು. ಅಕ್ಕಪಕ್ಕದ ಸಣ್ಣ ನಾಳಗಳು ಹಿಗ್ಗಿ ಕಾಲಿಗೆ ರಕ್ತ ತಲುಪಿಸುತ್ತವೆ ಎಂಬ ಭರವಸೆ ಅವರದು. ಹಾಗೇ ಆಯಿತು. ಆರು ವಾರಗಳಲ್ಲಿ ಆತ ತನ್ನೆರಡು ಕಾಲ ಮೇಲೆ ಆಸ್ಪತ್ರೆಯಿಂದ ಹೊರನಡೆದ. ಹೆದ್ದಾರಿ ಮುಚ್ಚಿದರೆ ಜನ ಹೊಲದ ಬದುವಿನ ಮೇಲೆ ದಾರಿ ಮಾಡಿಕೊಳ್ಳುವುದಿಲ್ಲವೇ, ಹಾಗೆ.

ಹೃದಯದಲ್ಲೂ ಕೊರೊನರಿ ನಾಳ ನಿಧಾನವಾಗಿ ಕಿರಿದಾದಾಗ ಇಂಥ ಅಡ್ಡದಾರಿಗಳು ಒಂದಿಷ್ಟು ಬೆಳೆಯುತ್ತವೆ ಎಂಬುದು ಈಗ ಗೊತ್ತಿರುವ ವಿಷಯ. ಹೆಬರ್ಡನ್ ಬರೆದಿಟ್ಟ ಇನ್ನೊಬ್ಬ ರೋಗಿಯ ಕಥೆಯನ್ನು ಇದರ ಪಕ್ಕದಲ್ಲಿಟ್ಟು ಓದಬೇಕು. ಆಂಜೈನಾ ಇದ್ದ ಆತ ದಿನವೂ ಅರ್ಧ ಗಂಟೆ ಗರಗಸ ಹಿಡಿದು ಸೌದೆ ಕೊಯ್ಯುವ ನೇಮ ಇಟ್ಟುಕೊಂಡ, ಬಹುಮಟ್ಟಿಗೆ ಗುಣವಾದ. ಮಿಕ್ಕವರಿಗೆ ಹೆಬರ್ಡನ್ ಹೇಳಬಹುದಾಗಿದ್ದದ್ದು ವಿಶ್ರಾಂತಿ, ಬೆಚ್ಚನೆಯ ಇರವು, ಮಲಗುವಾಗ ಒಂದಿಷ್ಟು ಅಫೀಮಿನ ದ್ರಾವಣ. ಇಂದು ಹೃದ್ರೋಗಿಗಳಿಗೆ ವೈದ್ಯರು ತಪಾಸಣೆ ಮಾಡಿ, ಇಷ್ಟು ನಿಮಿಷ, ಇಷ್ಟು ವೇಗ ಎಂದು ಅಳೆದು ಕೊಡುವ ವ್ಯಾಯಾಮ ಆ ಸೌದೆ ಕೊಯ್ದವನ ವಂಶದ್ದೇ. ಪಳಗಿದ ದೇಹ ಅದೇ ಕೆಲಸವನ್ನು ಕಡಿಮೆ ನಾಡಿಬಡಿತದಲ್ಲಿ ಮಾಡುತ್ತದೆ, ಹೃದಯಕ್ಕೆ ಆಮ್ಲಜನಕ ಕಡಿಮೆ ಸಾಕಾಗುತ್ತದೆ, ನೋವು ಶುರುವಾಗುವ ಮಟ್ಟ ದೂರ ಸರಿಯುತ್ತದೆ. ವಾರಕ್ಕೆ 150 ನಿಮಿಷ ಬಿರುಸಿನ ನಡಿಗೆ, ದಿನಕ್ಕೆ 5 ಗ್ರಾಂಗಿಂತ ಕಡಿಮೆ ಉಪ್ಪು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ನಮ್ಮಂಥ ಆರೋಗ್ಯವಂತರಿಗೂ ಅನ್ವಯ. ಸೊಪ್ಪು, ಕಾಳು, ಹಣ್ಣು, ಸರಿಯಾದ ನಿದ್ದೆ ಯಾವುದೂ ಹೊಸದಲ್ಲ. ಸಿಗರೇಟು, ಗುಟ್ಕಾ ಬಿಡುವುದರಷ್ಟು ದೊಡ್ಡ ಉಪಕಾರ ಹೃದಯಕ್ಕೆ ಇನ್ನೊಂದಿಲ್ಲ. ಇದಕ್ಕೆಲ್ಲ ದುಡ್ಡು ಬೇಡ, ಕೆಲಸ ಸಿಗುವವರೆಗೂ ಕಾಯಬೇಕಿಲ್ಲ.

ಆದರೆ ಸಹಜ ಎಂಬ ಹೆಸರಿನಲ್ಲಿ ಮೊಬೈಲಿಗೆ ಬರುವ ಸಂದೇಶಗಳನ್ನು ಇದರ ಜೊತೆ ಸೇರಿಸಬೇಡಿ. ಬೆಳ್ಳುಳ್ಳಿ, ಶುಂಠಿ, ನಿಂಬೆರಸದ ಕಷಾಯ ಕುಡಿದರೆ ಬ್ಲಾಕ್ ಕರಗುತ್ತದೆ ಎಂಬುದಕ್ಕೆ ಪುರಾವೆಯಿಲ್ಲ. ಅದನ್ನು ನಂಬಿ ಅಪ್ಪನ ಮಾತ್ರೆ ನಿಲ್ಲಿಸಿದರೆ ಅಪಾಯ. ವಿಶ್ರಾಂತಿಗೆ ಇಳಿಯದ ಎದೆನೋವು, ಬೆವರು, ತೋಳಿಗೋ ದವಡೆಗೋ ಹಬ್ಬುವ ನೋವು ಕಂಡರೆ ಗ್ಯಾಸ್ ಇರಬೇಕು ಎಂದು ಸೋಡಾ ಕುಡಿಸುತ್ತ ಕೂರದೆ 108ಕ್ಕೆ ಕರೆ ಮಾಡಿ. ಹಂಟರ್‌ಗೂ ಮೊದಲ ಸಲ ನೋವು ಬಂದದ್ದು ಹೊಟ್ಟೆಯ ಮೇಲ್ಭಾಗದಲ್ಲಿ ಎಂಬುದನ್ನು ಮರೆಯಬಾರದು. ಅವರ ಕಾಲದಲ್ಲಿ ನಾಲಿಗೆ ಕೆಳಗೆ ಇಡುವ ಮಾತ್ರೆ ಇರಲಿಲ್ಲ. ನೈಟ್ರೋಗ್ಲಿಸರಿನ್ ಆಂಜೈನಾಕ್ಕೆ ಮದ್ದಾದದ್ದು 1879ರ ಹೊತ್ತಿಗೆ. ನಮಗೆ ಆ ಕೊರತೆಯಿಲ್ಲ.

1793ರಲ್ಲಿ ಹಂಟರ್ ಅವರಿಗೆ 65. ಸೇಂಟ್ ಜಾರ್ಜ್ ಆಸ್ಪತ್ರೆಯ ಸಹೋದ್ಯೋಗಿಗಳ ಜೊತೆ ಜಗಳ ಮುಗಿಲು ಮುಟ್ಟಿತ್ತು. ವಿದ್ಯಾರ್ಥಿಗಳಿಂದ ಬರುವ ಫೀಸನ್ನು ಸರ್ಜನ್‌ಗಳು ಹಂಚಿಕೊಳ್ಳುತ್ತಿದ್ದರು, ಪಾಠಕ್ಕೆ ಮಾತ್ರ ಯಾರೂ ಮೈ ಬಗ್ಗಿಸುತ್ತಿರಲಿಲ್ಲ ಎಂಬುದು ಹಂಟರ್ ದೂರು. ಅವರ ವಿರೋಧಿಗಳು ಹೊಸ ನಿಯಮ ತಂದರು. ಮೊದಲೇ ವೈದ್ಯಕೀಯ ತರಬೇತಿ ಪಡೆದ ಪ್ರಮಾಣಪತ್ರ ಇಲ್ಲದವರಿಗೆ ಇನ್ನು ಮುಂದೆ ಪ್ರವೇಶವಿಲ್ಲ. ಅಂಥ ಪತ್ರವೇನೂ ಇಲ್ಲದೆ ಲಂಡನ್ನಿಗೆ ಬಂದಿದ್ದ ಜಾನ್ ಹಂಟರ್‌ಗೆ ಈ ನಿಯಮ ಹೇಗೆ ಕಂಡಿರಬಹುದು, ಊಹಿಸಿ. ಅದೇ ಹೊತ್ತಿಗೆ ಸ್ಕಾಟ್ಲೆಂಡಿನಿಂದ ಇಬ್ಬರು ಯುವಕರು ನಿಯಮ ತಿಳಿಯದೆ ಬಂದು ಅವರ ಬಾಗಿಲು ತಟ್ಟಿದರು. ನಿಮ್ಮ ಸಂಗತಿಯನ್ನು ಬರೆದು ಕೊಡಿ, ಮಂಡಳಿಯ ಸಭೆಯಲ್ಲಿ ನಾನು ಮಾತಾಡುತ್ತೇನೆ ಎಂದು ಒಪ್ಪಿಕೊಂಡರು.

ಅಕ್ಟೋಬರ್ 16ರಂದು ಸಭೆ. ಅಲ್ಲಿ ಮಾತಿಗೆ ಮಾತು ಬೆಳೆದೀತು, ಅದು ತನ್ನ ಜೀವಕ್ಕೇ ಕುತ್ತಾದೀತು ಎಂಬ ಅಳುಕನ್ನು ಬೆಳಿಗ್ಗೆ ಒಬ್ಬ ಪರಿಚಿತರ ಬಳಿ ಹೇಳಿಕೊಂಡಿದ್ದರು. ಆದರೂ ಹೋದರು. ಹೋಗದೇ ಇರಬಹುದಿತ್ತು, ಪತ್ರ ಕಳಿಸಿ ಸುಮ್ಮನಿರಬಹುದಿತ್ತು ಎಂದು ನನಗೆ ಓದುವಾಗಲೆಲ್ಲ ಅನಿಸುತ್ತದೆ. ಮಾತೂ ಕೊಟ್ಟಾಗಿತ್ತು, ಆ ಹುಡುಗರಿಗೆ ಅಲ್ಲಿ ಬೇರೆ ಯಾರೂ ಇರಲಿಲ್ಲ. ಯುವಕರ ಪರವಾಗಿ ಮಾತಾಡುತ್ತಿದ್ದಾಗ ಸಹೋದ್ಯೋಗಿಯೊಬ್ಬ ಮುಖದ ಮೇಲೆ ಹೊಡೆದಂತೆ ಅಲ್ಲಗಳೆದ. ಹಂಟರ್ ಮಾತು ನಿಲ್ಲಿಸಿದರು. ಸಿಟ್ಟನ್ನು ನುಂಗಿಕೊಂಡು ಎದ್ದು ಪಕ್ಕದ ಕೋಣೆಗೆ ನಡೆದರು. ಬಾಗಿಲು ದಾಟಿದ್ದಷ್ಟೇ, ಒಮ್ಮೆ ನರಳಿ, ಅಲ್ಲಿದ್ದ ವೈದ್ಯರೊಬ್ಬರ ತೋಳಿಗೆ ಕುಸಿದರು. ಮತ್ತೆ ಏಳಲಿಲ್ಲ. ದೇಹವನ್ನು ಆಳುಗಳು ಹೊರುವ ಕುರ್ಚಿಯಲ್ಲಿಟ್ಟು ಲೆಸ್ಟರ್ ಸ್ಕ್ವೇರಿನ ಮನೆಗೆ ಒಯ್ದರು. ಅವರ ಸ್ವಂತ ಕುದುರೆಗಾಡಿ ಖಾಲಿಯಾಗಿ ಹಿಂದೆ ಬಂತು.

ಎವರಾರ್ಡ್ ಹೋಮ್ ಶವಪರೀಕ್ಷೆ ಮಾಡಿದ. ಈ ಸಲ ಕೊರೊನರಿ ನಾಳಗಳನ್ನು ಯಾರೂ ಮರೆಯಲಿಲ್ಲ. ಅವು ಮೂಳೆಯಂತೆ ಗಟ್ಟಿಯಾಗಿದ್ದವು, ಜೆನ್ನರ್ ಹದಿನಾರು ವರ್ಷ ಮೊದಲೇ ಅನುಮಾನಪಟ್ಟಂತೆ. ಆರು ವರ್ಷಗಳ ನಂತರ, 1799ರಲ್ಲಿ, ಬಾತ್‌ನ ವೈದ್ಯ ಕೇಲಬ್ ಪ್ಯಾರಿ ಆಂಜೈನಾದ ಬಗ್ಗೆ ಪುಸ್ತಕ ಬರೆದಾಗ, ಅಷ್ಟೂ ವರ್ಷ ಎದೆಯಲ್ಲಿಟ್ಟುಕೊಂಡಿದ್ದ ಗುಟ್ಟನ್ನು ಜೆನ್ನರ್ ಅವರಿಗೆ ಪತ್ರ ಬರೆದು ಹೇಳಿದರು. ಅದು ಆ ಪುಸ್ತಕದಲ್ಲಿ ಅಚ್ಚಾಯಿತು. ಅದೇ ವರ್ಷ ಹಂಟರ್ ಅವರ ಮ್ಯೂಸಿಯಮ್ಮನ್ನು ಬ್ರಿಟಿಷ್ ಸರ್ಕಾರ 15,000 ಪೌಂಡಿಗೆ ಕೊಂಡಿತು. ಅಲ್ಲಿಯವರೆಗೆ ಆ ಗಾಜಿನ ಜಾಡಿಗಳನ್ನೆಲ್ಲ ವಾರಕ್ಕೆ ಏಳು ಶಿಲ್ಲಿಂಗ್ ಕೂಲಿಗೆ ಒರೆಸಿ ಕಾದವನು, ಹದಿನೇಳರ ವಯಸ್ಸಿನಲ್ಲಿ ಅವರ ಬಳಿ ಕೆಲಸಕ್ಕೆ ಸೇರಿದ್ದ ವಿಲಿಯಂ ಕ್ಲಿಫ್ಟ್ ಎಂಬ ಹುಡುಗ.